ತಲಕಾಡಿನ ಮರಳು, ಮುಂಜಾನೆಯ ಬಣ್ಣ

ಮೈಸೂರಿನ ಆಸುಪಾಸಿನಲ್ಲಿ ಮರಳುಗಾಡಿನ ಚಿತ್ರ ತೆಗೆಯಲು ಹೊರಟೆನೆಂದರೆ ಕೇಳಿದವರು ನಕ್ಕಾರು. ಕಾವೇರಿ, ಕಬಿನಿಗಳ ನೀರುಂಡ ಬತ್ತದ ಬಯಲಿನಲ್ಲಿ ಮರಳುಗಾಡು ಎಲ್ಲಿಂದ ಬರಬೇಕು? ಆದರೂ ಅಂಥದೊಂದು ನೋಟ ನಮ್ಮ ನಗರದಿಂದ ಸುಮಾರು 45 ಕಿಲೋಮೀಟರ್ ದೂರದಲ್ಲಿ, ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡಿನಲ್ಲಿದೆ. ಸೂರ್ಯೋದಯಕ್ಕೆ ಮುನ್ನ ಕ್ಯಾಮೆರಾ ಹೆಗಲಿಗೇರಿಸಿ ಅಲ್ಲಿಗೆ ಹೋಗುವ ಹವ್ಯಾಸಿಗಳಲ್ಲಿ ನಾನೂ ಒಬ್ಬ. ಅಲ್ಲಿಂದ ತಂದ ಚಿತ್ರಗಳನ್ನು ಮನೆಯಲ್ಲಿ ಕುಳಿತು ತಿದ್ದುವಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಈ ಬಣ್ಣ ಮರಳಿನದೋ, ಬೆಳಗಿನದೋ, ತಿದ್ದುವ ಕೈಯದೋ? ಉತ್ತರ ಹುಡುಕುತ್ತ ಹೋದವನು ಚರಿತ್ರೆಯ ಅಂಗಳಕ್ಕೆ ಬಂದು ನಿಲ್ಲಬೇಕಾಗುತ್ತದೆ.

ತಲಕಾಡು ಗಂಗರ ರಾಜಧಾನಿಯಾಗಿದ್ದ ಊರು. ಹನ್ನೊಂದನೆಯ ಶತಮಾನದ ಮೊದಲಲ್ಲಿ ಚೋಳರ ಕೈಸೇರಿತು. ಹೊಯ್ಸಳ ವಿಷ್ಣುವರ್ಧನ ಅದನ್ನು ಗೆದ್ದು ‘ತಲಕಾಡುಗೊಂಡ’ನೆನಿಸಿದ, ಆ ವಿಜಯದ ನೆನಪಿಗೆ 1117ರಲ್ಲಿ ಕೀರ್ತಿನಾರಾಯಣನ ಗುಡಿ ಎದ್ದಿತು. ಇಂಥ ಊರು ಮರಳಿನಡಿ ಸೇರಿದ್ದು ಹೇಗೆ? ನಾವೆಲ್ಲ ಬಾಲ್ಯದಿಂದ ಕೇಳಿಬಂದ ಉತ್ತರ ಒಂದೇ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಅಲ್ಲಿನ ವಿಜಯನಗರದ ಪ್ರತಿನಿಧಿಯ ಪತ್ನಿ ಅಲಮೇಲಮ್ಮ, ಒಡವೆಗಳನ್ನು ಕೇಳಲು ಬಂದವರಿಂದ ತಪ್ಪಿಸಿಕೊಂಡು, ತಲಕಾಡು ಮರಳಾಗಲೆಂದೂ ಮಾಲಂಗಿ ಮಡುವಾಗಲೆಂದೂ ಮೈಸೂರು ದೊರೆಗಳಿಗೆ ಸಂತಾನವಿಲ್ಲದೆ ಹೋಗಲೆಂದೂ ಶಪಿಸಿ ಕಾವೇರಿಗೆ ಧುಮುಕಿದಳಂತೆ. ಆಕೆಯ ಮೂರ್ತಿಗೆ ಮೈಸೂರಿನ ಅರಮನೆಯಲ್ಲೇ ಪೂಜೆ ಸಲ್ಲುತ್ತ ಬಂದಿರುವುದನ್ನು ನೋಡಿದರೆ, ಈ ಕಥೆ ನಮ್ಮ ನಗರದ ಮನಸ್ಸಿನಲ್ಲಿ ಎಷ್ಟು ಆಳಕ್ಕಿಳಿದಿದೆಯೆಂಬುದು ತಿಳಿಯುತ್ತದೆ.

ಇನ್ನೊಂದು ಉತ್ತರ ನದಿಯ ಬಳಿ ಇದೆ. ತಲಕಾಡಿಗೆ ಮೇಲುಭಾಗದಲ್ಲಿ ಕಾವೇರಿಗೆ ಅಡ್ಡಲಾಗಿ ಹದಿನಾಲ್ಕನೆಯ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ, ಮಾಧವಮಂತ್ರಿಯ ಅಣೆಕಟ್ಟು ಕಟ್ಟಲಾಯಿತು. ನೀರಿನ ಓಟ ಬದಲಾಯಿತು. ನದಿಯ ತಿರುವಿನಲ್ಲಿ ಮರಳದಿಣ್ಣೆ ಬಯಲಿಗೆ ಬಿದ್ದಿತು. ನೈರುತ್ಯದ ಗಾಳಿ ಆ ಮರಳನ್ನು ಹೊತ್ತು ಊರಿನ ಮೇಲೆ ಸುರಿಯಿತು. ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯನವರು ಈ ದಿಕ್ಕಿನಲ್ಲಿ ವಿಚಾರ ಮಾಡಿ ಬರೆದಿದ್ದಾರೆ. ಬಿ.ಎಲ್. ರೈಸ್ ಅವರು ಹತ್ತೊಂಬತ್ತನೆಯ ಶತಮಾನದಲ್ಲಿ ಸಿದ್ಧಪಡಿಸಿದ ಮೈಸೂರು ಗೆಜೆಟಿಯರು, ಸುಮಾರು ಒಂದು ಮೈಲಿ ಉದ್ದದ ಮರಳದಿಣ್ಣೆಗಳು ವರ್ಷಕ್ಕೆ 9–10 ಅಡಿಯಂತೆ ಮುಂದುವರಿಯುತ್ತಿವೆಯೆಂದೂ, ಇದು ಮುಖ್ಯವಾಗಿ ನೈರುತ್ಯ ಮಾರುತದ ಕಾಲದಲ್ಲಿ ನಡೆಯುತ್ತದೆಯೆಂದೂ, ಮೂವತ್ತಕ್ಕೂ ಹೆಚ್ಚು ಗುಡಿಗಳು ಮುಚ್ಚಿಹೋಗಿವೆಯೆಂದೂ ಹೇಳುತ್ತದೆ. ಶಾಪಕ್ಕೆ ಒಂದು ಗಳಿಗೆ ಸಾಕು. ಗಾಳಿಗೆ ಶತಮಾನಗಳು ಬೇಕು.

ಈ ಗಾಳಿಯ ಕೈಬರಹವನ್ನು ಓದಲು ಸೂರ್ಯೋದಯಕ್ಕಿಂತ ಒಳ್ಳೆಯ ಹೊತ್ತಿಲ್ಲ. ನೈರುತ್ಯದ ಗಾಳಿ ಮೂಡಿಸಿದ ಮರಳಿನ ಅಲೆಗೆ ಗಾಳಿ ಬರುವ ಕಡೆ ಇಳಿಜಾರು ಮೆಲ್ಲನೆಯದು, ಈಶಾನ್ಯದ ಕಡೆ ಕಡಿದಾದುದು. ಆಷಾಢದ ಸುಮಾರಿಗೆ ಸೂರ್ಯ ಈಶಾನ್ಯಕ್ಕೆ ಸರಿದು ಹುಟ್ಟುತ್ತಾನೆ. ಮೋಡ ಸರಿದ ಒಂದು ಬೆಳಗಿನಲ್ಲಿ ಆ ಓರೆಬೆಳಕು ಕಡಿದಾದ ಮಗ್ಗುಲನ್ನೆಲ್ಲ ಬೆಳಗಿ, ಹಿಂದಿನ ಇಳಿಜಾರನ್ನು ನೆರಳಿನಲ್ಲಿ ಬಿಡುತ್ತದೆ. ನಡುಹಗಲಿನಲ್ಲಿ ಸಪಾಟಾಗಿ ಕಾಣುವ ನೆಲ ಆಗ ಸಾಲುಸಾಲಾಗಿ ಎದ್ದು ನಿಲ್ಲುತ್ತದೆ. ಗೆಜೆಟಿಯರಿನಲ್ಲಿ ಮಾತಿನಲ್ಲಿದ್ದ ಸಂಗತಿ ಇಲ್ಲಿ ಕಣ್ಣಿಗೇ ಸಿಗುತ್ತದೆ.

ಇನ್ನು ಬಣ್ಣದ ಮಾತು. ಹುಟ್ಟುವ ಸೂರ್ಯನ ಕಿರಣ ವಾತಾವರಣದ ದೀರ್ಘ ಹಾದಿಯನ್ನು ದಾಟಿ ಬರಬೇಕು. ದಾರಿಯಲ್ಲಿ ನೀಲಿ ಚದುರಿಹೋಗಿ ಕೆಂಪು, ಹಳದಿ ಉಳಿಯುತ್ತವೆ. ಹೀಗೆ ಚದುರುವಿಕೆಯ ನಿಯಮವನ್ನು 1871ರಲ್ಲಿ ರೇಲಿ ವಿವರಿಸಿದ. ಆದುದರಿಂದ ಬೆಳಕು ಬಿದ್ದ ಮರಳು ಕೆಂಪಾಗಿಯೂ, ಆಕಾಶದ ಬೆಳಕನ್ನಷ್ಟೇ ಪಡೆದ ನೆರಳು ನೀಲಿಯಾಗಿಯೂ ಇರುತ್ತದೆ. ನಮ್ಮ ಕಣ್ಣು ಈ ಭೇದವನ್ನು ತಾನೇ ಸರಿದೂಗಿಸಿಕೊಂಡುಬಿಡುತ್ತದೆ. ಕ್ಯಾಮೆರಾಕ್ಕೆ ಬೆಳಕಿನ ಅಳತೆಯನ್ನು ಹೇಳಿಕೊಡಬೇಕು.

ತಿದ್ದುವುದೇ ತಪ್ಪೆನ್ನುವವರಿದ್ದಾರೆ. ಅವರು ಬಣ್ಣದ ಚಿತ್ರದ ಹುಟ್ಟನ್ನು ನೆನೆಯಬೇಕು. 1861ರಲ್ಲಿ ಮ್ಯಾಕ್ಸ್‌ವೆಲ್ ಮಂಡಿಸಿದ ಮೊದಲ ಪ್ರಯೋಗದಲ್ಲಿಯೇ ಕೆಂಪು, ಹಸಿರು, ನೀಲಿ ಸೋಸುಗಳ ಮೂಲಕ ತೆಗೆದ ಮೂರು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಬೇಕಾಯಿತು. 1911ರ ಸುಮಾರಿಗೆ ಮಧ್ಯ ಏಷ್ಯಾದ ಒಣಭೂಮಿಯ ಬುಖಾರಾದಲ್ಲಿ ಪ್ರೊಕುಡಿನ್-ಗೋರ್ಸ್ಕಿ ತೆಗೆದ ಚಿತ್ರಗಳೂ ಹಾಗೆಯೇ ಗಾಜಿನ ಮೇಲೆ ಮೂಡಿದ ಮೂರು ಪ್ರತಿಗಳಾಗಿದ್ದವು. ಇಂದಿನ ಡಿಜಿಟಲ್ ಕ್ಯಾಮೆರಾದಲ್ಲಿಯೂ ಸಾಮಾನ್ಯವಾಗಿ ಒಂದೊಂದು ಬಿಂದು ಒಂದೊಂದೇ ಬಣ್ಣವನ್ನು ಹಿಡಿಯುತ್ತದೆ. ಮಿಕ್ಕೆರಡನ್ನು ಲೆಕ್ಕ ಹಾಕಿ ತುಂಬಲಾಗುತ್ತದೆ. ಯಾರೂ ಮುಟ್ಟದ ಬಣ್ಣವೆಂಬುದು ಚಿತ್ರದಲ್ಲಿ ಇಲ್ಲವೇ ಇಲ್ಲ.

ಹಾಗಾದರೆ ಎಲ್ಲಿಯವರೆಗೆ ತಿದ್ದಬಹುದು? ತಲಕಾಡಿನ ಚಿತ್ರಕ್ಕೆ ಕಿತ್ತಳೆಯನ್ನು ಧಾರಾಳವಾಗಿ ಎರೆದರೆ ಕ್ಷಣದಲ್ಲಿ ಅದು ರಾಜಸ್ಥಾನವಾಗುತ್ತದೆ. ಮೊದಲು ಸಾಯುವುದು ನೆರಳಿನ ನೀಲಿ. ಆಮೇಲೆ ಅಂಚಿನಲ್ಲಿರುವ ಮರಗಳ ಹಸಿರು ಅಡ್ಡಿಯೆನಿಸಿ ಅದನ್ನು ಕತ್ತರಿಸುತ್ತೇವೆ. ಕೊನೆಗೆ ಹೊಳೆಯೂ ಚೌಕಟ್ಟಿನಿಂದ ಹೊರಗೆ. ಉಳಿಯುವ ಚಿತ್ರ ಸುಂದರವಾಗಿಯೇ ಇರುತ್ತದೆ. ಆದರೆ ಆ ಮರಳನ್ನು ತಂದದ್ದು ನದಿ, ನದಿಯನ್ನು ತಿರುಗಿಸಿದ್ದು ಮನುಷ್ಯನ ಕೈ ಎಂಬ ಸಂಗತಿ ಅದರಿಂದ ಅಳಿದುಹೋಗಿರುತ್ತದೆ. ಅನಾದಿಯಿಂದ ಮರುಭೂಮಿಯೇ ಆಗಿದ್ದ ನೆಲದಂತೆ ತೋರುವ ಚಿತ್ರದ ಮುಂದೆ, ಇಲ್ಲಿ ಏನು ನಡೆಯಿತು ಎಂದು ಯಾರೂ ಕೇಳುವುದಿಲ್ಲ.

ಅಲಮೇಲಮ್ಮನ ಕಥೆಯೂ ನಡೆದ ಸಂಗತಿಗೆ ಜನ ಹಚ್ಚಿದ ಬಣ್ಣವೇ. ಆದರೆ ಆ ಬಣ್ಣ ಒಂದನ್ನು ಮರೆಸಿದಂತೆ ಇನ್ನೊಂದನ್ನು ಉಳಿಸಿತು. ಗೆದ್ದವರ ಶಾಸನಗಳಲ್ಲಿ ಜಾಗವಿಲ್ಲದ ಸೋತವಳ ಸಂಕಟ, ಆ ಶಾಪದಿಂದಾಗಿ ನಾಲ್ಕು ಶತಮಾನ ಬಾಳಿತು. ಅಣೆಕಟ್ಟಿನ ಲೆಕ್ಕದಲ್ಲಿ ಅದು ಸಿಗದು. ಅದಕ್ಕಾಗಿ ಕಥೆಯನ್ನು ಅಳಿಸಿಹಾಕುವುದೂ ಒಂದು ಬಗೆಯ ಕೆಟ್ಟ ತಿದ್ದುಪಡಿಯೆಂದೇ ನನ್ನ ಎಣಿಕೆ. ಹೊಳೆಯ ಪಕ್ಕದಲ್ಲಿ ಅದಕ್ಕೂ ಎಡೆಯಿರಲಿ.

ತಲಕಾಡಿನ ಪಾತಾಳೇಶ್ವರ ಲಿಂಗ ಬೆಳಿಗ್ಗೆ ಕೆಂಪಾಗಿ, ಮಧ್ಯಾಹ್ನ ಕಪ್ಪಾಗಿ, ರಾತ್ರಿ ಬೆಳ್ಳಗೆ ಕಾಣುತ್ತದೆಂದು ಅಲ್ಲಿನವರು ಹೇಳುತ್ತಾರೆ. ಲಿಂಗದ ನಿಜವಾದ ಬಣ್ಣ ಯಾವುದೆಂದು ಅವರು ಜಗಳವಾಡುವುದಿಲ್ಲ. ಯಾವ ಹೊತ್ತಿನಲ್ಲಿ ನೋಡಿದಿರಿ ಎಂದು ಕೇಳುತ್ತಾರೆ. ಮರಳಿನ ಚಿತ್ರಕ್ಕೂ ಈ ನ್ಯಾಯ ಸಾಕು. ಬಣ್ಣವನ್ನು ತಿದ್ದೋಣ, ತಿದ್ದದ ಪ್ರತಿಯೊಂದನ್ನು ಜೋಪಾನವಾಗಿಡೋಣ. ಚಿತ್ರದ ಅಡಿಯಲ್ಲಿ ಊರು, ತಿಂಗಳು, ಹೊತ್ತು ಇಷ್ಟನ್ನು ಬರೆಯೋಣ. ಸಾಧ್ಯವಾದರೆ ಒಂದು ಮೂಲೆಯಲ್ಲಿ ಕಾವೇರಿಯ ನೀರು ಕಾಣುವಂತೆ ನಿಂತು ತೆಗೆಯೋಣ.