ವಾರಾನ್ನದಿಂದ ವಿದ್ಯಾರ್ಥಿನಿಲಯದವರೆಗೆ

ನಮ್ಮ ನಾಡಿನ ಪಟ್ಟಣಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಬಡ ಬಾಲಕರು ವಿದ್ಯೆಯನ್ನು ಹೇಗೆ ಸಂಪಾದಿಸಿದರೆಂದು ವಿಚಾರಿಸಿದರೆ, ವಾರಾನ್ನವೆಂಬ ಮಾತು ಮೇಲಿಂದ ಮೇಲೆ ಕಿವಿಗೆ ಬೀಳುವುದು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆಗಳಲ್ಲಿ ಉಂಡು ಹುಡುಗನು ಓದಬೇಕು. ಒಂದು ಮನೆಯವರು ಕೈಬಿಟ್ಟರೆ ಆ ವಾರ ಉಪವಾಸ. ಕಷ್ಟದ ಜೀವನವೇ ಸರಿ. ಆದರೆ ಇದೂ ಒಂದು ಸೌಕರ್ಯವೆಂಬುದನ್ನು ಮರೆಯಲಾಗದು. ಪಂಕ್ತಿಭೇದವಿದ್ದ ಆ ಕಾಲದಲ್ಲಿ ಈ ಏರ್ಪಾಡು ಹೆಚ್ಚಾಗಿ ಬ್ರಾಹ್ಮಣ ಬಾಲಕರಿಗೇ ಒದಗುತ್ತಿದ್ದಿತು. ಲಿಂಗವಂತರ ಮಕ್ಕಳಿಗೆ ಮಠದ ದಾಸೋಹವುಂಟಾಗಿದ್ದರೂ, ಕಾಲೇಜಿದ್ದ ಊರಿನಲ್ಲೆಲ್ಲ ಅಂಥ ಮಠವಿರಬೇಕಷ್ಟೆ. ಒಕ್ಕಲಿಗ, ಕುರುಬ, ಬೇಡ, ಮುಸಲ್ಮಾನ ಮೊದಲಾದವರ ಹುಡುಗರಿಗೆ ಪಟ್ಟಣದಲ್ಲಿ ಬಂಧುಗಳಿಲ್ಲದಿದ್ದರೆ ಗತಿಯಿರಲಿಲ್ಲ. ಅಸ್ಪೃಶ್ಯರೆಂದು ದೂರವಿರಿಸಲ್ಪಟ್ಟವರ ಮಕ್ಕಳ ವಿಷಯವನ್ನಂತೂ ಹೇಳತಕ್ಕುದೇ ಇಲ್ಲ. ಆದುದರಿಂದ ಕಾಲೇಜಿನ ಬಾಗಿಲು ತೆರೆದಿದೆಯೋ ಇಲ್ಲವೋ ಎಂಬ ಪ್ರಶ್ನೆಗಿಂತ ಮೊದಲು, ರಾತ್ರಿ ಎಲ್ಲಿ ಉಣ್ಣುವುದು, ಎಲ್ಲಿ ಮಲಗುವುದು ಎಂಬ ಪ್ರಶ್ನೆ ಬರುತ್ತಿದ್ದಿತು.

ಇದನ್ನು ಮೊಟ್ಟಮೊದಲು ಸ್ಪಷ್ಟವಾಗಿ ಕಂಡ ಪ್ರಭುಗಳಲ್ಲಿ ಕೊಲ್ಲಾಪುರದ ಶಾಹೂ ಛತ್ರಪತಿಗಳು ಅಗ್ರಗಣ್ಯರು. ಅವರು 1902ನೆಯ ಇಸವಿಯಲ್ಲಿ ಸಂಸ್ಥಾನದ ಹುದ್ದೆಗಳಲ್ಲಿ ನೂರಕ್ಕೆ ಐವತ್ತನ್ನು ಹಿಂದುಳಿದವರಿಗೆ ಮೀಸಲಿರಿಸಿದುದು ಸರ್ವರಿಗೂ ವಿದಿತವಾದ ವಿಷಯ. ಆದರೆ ಅದಕ್ಕೂ ಒಂದು ವರ್ಷ ಮೊದಲೇ, 1901ರಲ್ಲಿ, ವಸತಿಗೃಹಗಳ ಕಾರ್ಯವು ಆರಂಭವಾಗಿದ್ದಿತೆಂಬುದನ್ನು ಅನೇಕರು ಗಮನಿಸಿಲ್ಲ. ಮರಾಠರು, ಜೈನರು, ಮುಸಲ್ಮಾನರು, ಲಿಂಗಾಯತರು, ಅಸ್ಪೃಶ್ಯರು ಹೀಗೆ ಬೇರೆಬೇರೆ ಸಮಾಜಗಳ ವಿದ್ಯಾರ್ಥಿಗಳಿಗೆ ಕ್ರಮವಾಗಿ ನಿಲಯಗಳಾದುವು. ದರಬಾರು ನೆಲವನ್ನೂ ಧನವನ್ನೂ ಕೊಟ್ಟಿತು. ಜಾತಿಗೊಂದು ನಿಲಯವೆಂಬುದು ಇಂದು ನಮಗೆ ರುಚಿಸದಿರಬಹುದು. ಜೊತೆಯಲ್ಲಿ ಕುಳಿತು ಉಣ್ಣಲು ಜನರೊಪ್ಪದ ದಿನಗಳಲ್ಲಿ ಹುಡುಗರು ಉಣ್ಣಲಿ ಎಂಬುದೇ ಮುಖ್ಯವಾಯಿತೆಂದು ತೋರುವುದು.

ಇನ್ನು ಮೈಸೂರಿನ ಕಡೆಗೆ ಬರೋಣ. ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರ ಆಳಿಕೆಯಲ್ಲಿ, 1916ರಲ್ಲಿ, ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಮಾರನೆಯ ವರ್ಷವೇ ಪ್ರಜಾಮಿತ್ರ ಮಂಡಲಿಯು ಹುಟ್ಟಿ, ಬ್ರಾಹ್ಮಣೇತರ ಸಮಾಜಗಳ ಪರವಾಗಿ ಪ್ರಭುಗಳಲ್ಲಿ ವಿಜ್ಞಾಪಿಸಿಕೊಂಡಿತು. ಅದರ ಫಲವಾಗಿ 1918ರಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೆಯ ಎರಡು ಪಾಲು ಹಿಂದುಳಿದವರಿಗೆ ಸಲ್ಲಬೇಕೆಂದು ಅದು ಸೂಚಿಸಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ಮಾರ್ಗವು ಒಪ್ಪಿಗೆಯಾಗಲಿಲ್ಲ. ವಿದ್ಯೆಯನ್ನು ಹರಡಿದರೆ ಉಳಿದುದು ತಾನಾಗಿಯೇ ಬರುವುದೆಂಬುದು ಅವರ ಮತ. 1918ರ ಕೊನೆಗೆ ಅವರು ಪದತ್ಯಾಗ ಮಾಡಿದುದಕ್ಕೆ ಈ ಭಿನ್ನಾಭಿಪ್ರಾಯವೂ ಒಂದು ಕಾರಣವೆಂದು ಇತಿಹಾಸಜ್ಞರು ಹೇಳುವರು. ನಮಗೆ ತೋರುವಂತೆ ಇಬ್ಬರ ಮಾತಿನಲ್ಲಿಯೂ ಸತ್ಯವಿದ್ದಿತು: ಓದದವನಿಗೆ ಹುದ್ದೆಯನ್ನು ಮೀಸಲಿಟ್ಟು ಫಲವಿಲ್ಲ, ಓದಿದರೂ ಹುದ್ದೆ ದೊರೆಯದೆಂದು ಬಗೆದ ತಂದೆಯು ಎತ್ತು ಮಾರಿ ಮಗನನ್ನು ಕಾಲೇಜಿಗೆ ಕಳುಹಿಸಲಾರನು.

ಸ್ವಾತಂತ್ರ್ಯಾನಂತರ ಹುದ್ದೆಯ ಪ್ರಶ್ನೆಯ ಜೊತೆಗೆ ಸೀಟಿನ ಪ್ರಶ್ನೆಯೂ ಬಲವಾಗಿ ತಲೆಯೆತ್ತಿತು. ಹಿಂದುಳಿದವರಾರೆಂಬುದನ್ನು ಗೊತ್ತುಪಡಿಸಲು ಡಾಕ್ಟರ್ ನಾಗನಗೌಡರ ಸಮಿತಿಯು ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳ ಮಕ್ಕಳನ್ನು ಎಣಿಸಿತು. ರಾಜ್ಯದ ಸರಾಸರಿಯು ಸಾವಿರಕ್ಕೆ 6.9, ಲಿಂಗಾಯತರದು 7.1. ಹಿಂದುಳಿದವರೆನಿಸಲು ಸರಾಸರಿಗಿಂತ ಕೆಳಗಿರಬೇಕು. ಸರ್ಕಾರವು 6.9ನ್ನು 7 ಎಂದು ಭಾವಿಸಿ, ಅದರ ಆಸುಪಾಸಿನವರನ್ನೂ ಪಟ್ಟಿಗೆ ಸೇರಿಸಿತು. 1962ನೆಯ ಜುಲೈ 31ರ ಆಜ್ಞೆಯಂತೆ ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ನೂರಕ್ಕೆ 68 ಸ್ಥಾನಗಳು ಮೀಸಲಾದುವು. ಅದೇ ಸಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಬಾಲಾಜಿ ಮೊಕದ್ದಮೆಯಲ್ಲಿ ಆ ಆಜ್ಞೆಯನ್ನು ತಳ್ಳಿಹಾಕಿತು. ಸರಾಸರಿಯ ಅಂಚಿನಲ್ಲಿರುವವರನ್ನಲ್ಲ, ಅದಕ್ಕಿಂತ ಬಹಳ ಕೆಳಗಿರುವವರನ್ನು ಹಿಂದುಳಿದವರೆನ್ನಬೇಕು. ಜಾತಿಯೊಂದೇ ಅಳತೆಯಾಗಲಾಗದು, ಬಡತನ, ಕಸುಬು, ವಾಸಸ್ಥಳಗಳನ್ನೂ ನೋಡಬೇಕು. ಮೀಸಲು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಮೆಯಿರಬೇಕು ಎಂದಿತು. ನಮ್ಮ ಸಮಾಜದವರಿಗೆ ಇದು ಅಪ್ರಿಯವಾದುದು ಸಹಜವೇ. ಆದರೂ ನಿಷ್ಪಕ್ಷಪಾತವಾಗಿ ನೋಡಿದರೆ, ಸಾವಿರ ಜನರಲ್ಲಿ ಏಳು ಮಕ್ಕಳು ಓದುತ್ತಿದ್ದ ಸಮಾಜಕ್ಕೂ, ಒಂದೆರಡು ಮಕ್ಕಳೂ ಓದದಿದ್ದ ಸಮಾಜಕ್ಕೂ ಒಂದೇ ಹೆಸರು ಕೊಡುವುದು ಹೇಗೆ?

ಮರುವರ್ಷದ ಆಜ್ಞೆಯು ಹೆಚ್ಚು ಸ್ವಾರಸ್ಯವಾದುದು. ಅದರಲ್ಲಿ ಜಾತಿಯ ಹೆಸರೇ ಇರಲಿಲ್ಲ. ಕುಟುಂಬದ ವರಮಾನವು ವರ್ಷಕ್ಕೆ 1,200 ರೂಪಾಯಿಗೆ ಮೀರದೆ, ತಂದೆಯು ಸ್ವತಃ ಉಳುವವನೋ, ಕುಶಲಕರ್ಮಿಯೋ, ಸಣ್ಣ ವ್ಯಾಪಾರಿಯೋ, ಕೆಳದರ್ಜೆಯ ನೌಕರನೋ, ಮೈಮುರಿದು ದುಡಿಯುವವನೋ ಆಗಿದ್ದರೆ ಮಗನು ಹಿಂದುಳಿದವನು. 1964ರಲ್ಲಿ ಚಿತ್ರಲೇಖಾ ಮೊಕದ್ದಮೆಯಲ್ಲಿ ಕೋರ್ಟು ಈ ಅಳತೆಯನ್ನು ಎತ್ತಿಹಿಡಿಯಿತು. ನಮ್ಮ ಭಕ್ತರಲ್ಲಿ ಉಳುಮೆ ಮಾಡುವ ಬಡ ಒಕ್ಕಲುಗಳೆಷ್ಟೋ ಈ ವರ್ಣನೆಯೊಳಗೆ ಬಂದಿರಬೇಕು.

ತರುವಾಯ ದೇವರಾಜ ಅರಸರ ಸರ್ಕಾರವು 1972ರಲ್ಲಿ ಎಲ್. ಜಿ. ಹಾವನೂರರ ಆಯೋಗವನ್ನು ನೇಮಿಸಿತು. 1975ರ ವರದಿಯು ಲಿಂಗಾಯತರನ್ನು ಪಟ್ಟಿಯ ಹೊರಗಿರಿಸಿತು. ಅದರಿಂದೆದ್ದ ವಾದವಿವಾದಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. 1994ರ ವರ್ಗೀಕರಣದಲ್ಲಿ ವೀರಶೈವ ಲಿಂಗಾಯತರು 3ಬಿ ಎಂಬ ವರ್ಗದಲ್ಲಿ ನೂರಕ್ಕೆ ಐದರ ಪಾಲನ್ನು ಪಡೆದರು. ಈ ಕಲಹದ ಗದ್ದಲದಲ್ಲಿ ಹಳೆಯ ಪ್ರಶ್ನೆಯು ಹಿಂದೆ ಬಿದ್ದುದು ಮಾತ್ರ ವಿಷಾದಕರ: ಸೀಟು ಸಿಕ್ಕಿದವನು ಎಲ್ಲಿ ಉಣ್ಣಬೇಕು?

ಈ ಬಗೆಯ ನೆರವೂ ಸರ್ಕಾರದಿಂದ ಇಲ್ಲದೆ ಹೋಗಲಿಲ್ಲ. ಭಾರತ ಸರ್ಕಾರವು ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ಯುಲೇಷನ್ ನಂತರದ ವಿದ್ಯಾರ್ಥಿವೇತನವನ್ನು 1944ರಲ್ಲಿಯೇ ಆರಂಭಿಸಿತು. ಆಗ ವೈಸರಾಯರ ಕಾರ್ಯಾಂಗ ಸಭೆಯಲ್ಲಿದ್ದ ಡಾಕ್ಟರ್ ಅಂಬೇಡ್ಕರರು, ತಾವೇ ಬರೋಡೆಯ ಗಾಯಕವಾಡ ಮಹಾರಾಜರ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೇರಿಕೆಗೆ ಹೋಗಿ ಓದಿದವರು. ಕರ್ನಾಟಕ ಸರ್ಕಾರವು ಹಿಂದುಳಿದ ವರ್ಗಗಳಿಗೂ ಪರಿಶಿಷ್ಟರಿಗೂ ಜಿಲ್ಲೆ ಜಿಲ್ಲೆಗಳಲ್ಲಿ ವಿದ್ಯಾರ್ಥಿನಿಲಯಗಳನ್ನು ಕಟ್ಟಿಸಿತು. ಅಲ್ಲಿಯೂ ಸ್ಥಳವು ಸಾಲದಾದಾಗ 2013ರಲ್ಲಿ ವಿದ್ಯಾಸಿರಿ ಎಂಬ ಯೋಜನೆ ಬಂದಿತು. ನಿಲಯದಲ್ಲಿ ಪ್ರವೇಶ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗೆ ಊಟ ವಸತಿಗಳ ಬಾಬ್ತು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವುದೆಂದು ಗೊತ್ತುಮಾಡಲಾಯಿತು. ಲೆಕ್ಕ ಹಾಕಿದರೆ ದಿನಕ್ಕೆ ಐವತ್ತು ರೂಪಾಯಿ. ಹುಡುಗನು ಏಳು ಮನೆಗಳನ್ನು ಹುಡುಕಬೇಕಾಗಿಲ್ಲ. ಜಾತಿ ಮತ್ತು ವರಮಾನಗಳ ಪ್ರಮಾಣಪತ್ರಗಳನ್ನು ತಾಲ್ಲೂಕು ಕಚೇರಿಯಿಂದ ತಂದು ಅರ್ಜಿ ಹಾಕಿದರಾಯಿತು.