ಅಪರಾಧ ಸುದ್ದಿಯ ಇಂಗ್ಲಿಷ್: ಪುಟ್ಟ ಪದ, ದೊಡ್ಡ ವ್ಯತ್ಯಾಸ

ಇಂಗ್ಲಿಷ್ ಪತ್ರಿಕೆಗಳ ಅಪರಾಧ ಸುದ್ದಿ ಓದುವವರಿಗೆ ತೊಡಕಾಗುವುದು ಕಾನೂನಿನ ಕ್ಲಿಷ್ಟ ಶಬ್ದಗಳಿಗಿಂತ ಹೆಚ್ಚಾಗಿ ‘ಬ್ರೇಕ್’, ‘ಹೋಲ್ಡ್’, ‘ಲೆಟ್’ ಮುಂತಾದ ಸರಳ ಕ್ರಿಯಾಪದಗಳು. ಇವುಗಳ ಬೆನ್ನಿಗೆ ‘ಅಪ್’, ‘ಔಟ್’, ‘ಆಫ್’ ಸೇರಿದೊಡನೆ ಅರ್ಥವೇ ಬದಲಾಗುತ್ತದೆ. ಈ ಜೋಡಿಗಳಿಗೆ ‘ಫ್ರೇಸಲ್ ವರ್ಬ್’ ಎಂದು ಹೆಸರು. ಪಟ್ಟಿ ಮಾಡಿ ಕಂಠಪಾಠ ಮಾಡುವುದಕ್ಕಿಂತ ಒಂದು ಪ್ರಕರಣದ ಜಾಡಿನಲ್ಲಿ ಕಲಿತರೆ ಇವು ನೆನಪಿನಲ್ಲಿ ಉಳಿಯುತ್ತವೆ. ಬ್ರಿಟನ್ನಿನ ಕುಖ್ಯಾತ ರೈಲು ದರೋಡೆ ಇದಕ್ಕೆ ತಕ್ಕ ನಿದರ್ಶನ.

ದರೋಡೆ

1963ರ ಆಗಸ್ಟ್ 8ರ ನಸುಕಿನಲ್ಲಿ ಗ್ಲಾಸ್ಗೋದಿಂದ ಲಂಡನ್ನಿಗೆ ಹೊರಟಿದ್ದ ಅಂಚೆ ರೈಲನ್ನು ದುಷ್ಕರ್ಮಿಗಳು ನಕಲಿ ಕೆಂಪು ಸಿಗ್ನಲ್ ತೋರಿಸಿ ನಿಲ್ಲಿಸಿದರು. ಹೀಗೆ ಅಡ್ಡಗಟ್ಟಿ, ಬೆದರಿಸಿ ದೋಚುವುದು ‘ಹೋಲ್ಡ್ ಅಪ್’. ವಾಹನ ದಟ್ಟಣೆಯಿಂದ ವಿಳಂಬವಾದಾಗಲೂ ಇದೇ ಪದ ಬಳಕೆಯಾಗುವುದರಿಂದ ಸಂದರ್ಭ ಗಮನಿಸಬೇಕು. ತಂಡವು ಸುಮಾರು 26 ಲಕ್ಷ ಪೌಂಡ್ ಹೊತ್ತು ಪರಾರಿಯಾಯಿತು. ‘ಮೇಕ್ ಆಫ್’ ಎಂದರೆ ಓಡಿಹೋಗುವುದು. ‘ಮೇಕ್ ಆಫ್ ವಿತ್’ ಎಂದರೆ ಕದ್ದ ಮಾಲಿನೊಡನೆ ಓಡಿಹೋಗುವುದು.

ಸೆರೆ, ಪರಾರಿ, ಶರಣಾಗತಿ

ತಂಡದ ಸದಸ್ಯ ರೋನಿ ಬಿಗ್ಸ್‌ಗೆ 1964ರಲ್ಲಿ 30 ವರ್ಷಗಳ ಶಿಕ್ಷೆಯಾಯಿತು. ಜೈಲಿಗಟ್ಟುವುದಕ್ಕೆ ‘ಪುಟ್ ಅವೇ’ ಎನ್ನುತ್ತಾರೆ. 1965ರ ಜುಲೈನಲ್ಲಿ ಆತ ಲಂಡನ್ನಿನ ವಾಂಡ್ಸ್‌ವರ್ತ್ ಜೈಲಿನ ಗೋಡೆ ಹಾರಿ ತಪ್ಪಿಸಿಕೊಂಡ. ಇದು ‘ಬ್ರೇಕ್ ಔಟ್’. ಕಳ್ಳರು ಬೀಗ ಮುರಿದು ಮನೆಯೊಳಗೆ ನುಗ್ಗಿದರೆ ಅದು ‘ಬ್ರೇಕ್ ಇನ್’.

ಆಸ್ಟ್ರೇಲಿಯಾ, ಬ್ರೆಜಿಲ್‌ಗಳಲ್ಲಿ ದಶಕಗಳ ಕಾಲ ನೆಲೆಸಿದ್ದ ಬಿಗ್ಸ್, 2001ರಲ್ಲಿ ತಾನಾಗಿಯೇ ಬ್ರಿಟನ್ನಿಗೆ ಮರಳಿ ಸೆರೆಯಾದ. ಸ್ವತಃ ಶರಣಾಗುವುದು ‘ಟರ್ನ್ ಒನ್‌ಸೆಲ್ಫ್ ಇನ್’. ಇಲ್ಲಿ ಮತ್ತೊಂದು ಸೂಕ್ಷ್ಮವಿದೆ. ‘ಗೆಟ್ ಅವೇ’ ಎಂದರೆ ಕೈಗೆ ಸಿಗದೆ ಪಾರಾಗುವುದು. ‘ಗೆಟ್ ಅವೇ ವಿತ್’ ಎಂದರೆ ಅಪರಾಧ ಎಸಗಿಯೂ ಶಿಕ್ಷೆಯಿಂದ ಪಾರಾಗುವುದು. ಬಿಗ್ಸ್‌ಗೆ ಮೊದಲನೆಯದು ಸಾಧ್ಯವಾಯಿತು, ಎರಡನೆಯದು ಸಾಧ್ಯವಾಗಲಿಲ್ಲ.

ಬಿಡುಗಡೆ

ತೀವ್ರ ಅನಾರೋಗ್ಯದ ಕಾರಣ ಆತನನ್ನು 2009ರಲ್ಲಿ ಬಿಡುಗಡೆ ಮಾಡಲಾಯಿತು. ಇದು ‘ಲೆಟ್ ಔಟ್’, ಅಂದರೆ ಸೆರೆಯಿಂದ ಹೊರಬಿಡುವುದು. ‘ಲೆಟ್ ಆಫ್’ ಎಂದರೆ ಶಿಕ್ಷೆ ವಿಧಿಸದೆ ಅಥವಾ ಅಲ್ಪ ಶಿಕ್ಷೆಯೊಂದಿಗೆ ಬಿಟ್ಟುಬಿಡುವುದು.

ಓದುಗರು ಎಡವಬಾರದ ಜಾಗ ಇದೇ. ಜಾಮೀನಿನ ಮೇಲೆ ‘ಲೆಟ್ ಔಟ್’ ಆದ ಆರೋಪಿಯ ವಿಚಾರಣೆ ಇನ್ನೂ ಬಾಕಿ ಇರುತ್ತದೆ. ಆತ ನಿರ್ದೋಷಿ ಎಂದಾಗಲಿ, ಅಪರಾಧಿ ಎಂದಾಗಲಿ ತೀರ್ಪು ಬಂದಿರುವುದಿಲ್ಲ. ನ್ಯಾಯಾಲಯವು ದೋಷಮುಕ್ತಗೊಳಿಸಿದರೆ ಅದಕ್ಕೆ ‘ಅಕ್ವಿಟ್’ ಎಂಬ ಖಚಿತ ಪದವಿದೆ. ಅಂಥವರನ್ನು ‘ಲೆಟ್ ಆಫ್’ ಎಂದರೆ, ತಪ್ಪು ಮಾಡಿಯೂ ಬಚಾವಾದರು ಎಂಬ ಧ್ವನಿ ಹೊರಡಬಹುದು. ಪುಟ್ಟ ಪದವೊಂದನ್ನು ತಪ್ಪಾಗಿ ಓದಿದರೆ ವ್ಯಕ್ತಿಯೊಬ್ಬನ ಮಾನಕ್ಕೇ ಕುಂದು ಬರಬಹುದು.