ತಾಳ ಹಾಕುವವರಿಲ್ಲದ ಕಚೇರಿ

ನಮ್ಮ ಕಚೇರಿಗಳಲ್ಲಿ ತನಿ ಆವರ್ತನ ಬಂದಾಗ ಹಾಡುಗಾರರು ಸುಮ್ಮನಾಗಿ ತೊಡೆಯ ಮೇಲೆ ತಾಳ ಹಾಕುತ್ತ ಕುಳಿತಿರುತ್ತಾರೆ. ಮೃದಂಗದವರು ಎಷ್ಟು ದೂರ ಹೋದರೂ ಆ ಕೈ ಅವರನ್ನು ಮತ್ತೆ ಮನೆಗೆ ಕರೆತರುತ್ತದೆ. ಆ ಕೈಯೇ ಇಲ್ಲವಾದರೆ? ಇಬ್ಬರೂ ಏಕಕಾಲಕ್ಕೆ ಹೊರಟುಬಿಟ್ಟರೆ ಎಲ್ಲಿಗೆ ಹೋಗಿ ಮುಟ್ಟಿಯಾರು? ಪಶ್ಚಿಮದ ಕೆಲವು ಜಾಸ್ ವಾದಕರು 1960ರ ಸುಮಾರಿನಲ್ಲಿ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡರು.

ಜಾಸ್‌ನ ವಾಡಿಕೆಯ ಚಿಕ್ಕ ಮೇಳದಲ್ಲಿ ಪಿಯಾನೋ ಮತ್ತು ಡ್ರಮ್‌ಗಳ ನಡುವೆ ಡಬಲ್ ಬಾಸ್ ಎಂಬ ದೊಡ್ಡ ತಂತಿವಾದ್ಯ ನಿಂತಿರುತ್ತದೆ. ಹೆಜ್ಜೆ ಹಾಕಿದಂತೆ ಎಣಿಕೆಯನ್ನು ಕಾಯುವುದು ಅದರ ಕೆಲಸ. ನ್ಯೂಯಾರ್ಕಿನ ಪಿಯಾನೋ ವಾದಕ ಸೆಸಿಲ್ ಟೇಲರ್ 1962ರಲ್ಲಿ ಕೋಪನ್‌ಹೇಗನ್ನಿನಲ್ಲಿ ನುಡಿಸಿದಾಗ ಆ ಕಾವಲುಗಾರನನ್ನೇ ಬಿಟ್ಟುಬಿಟ್ಟರು. ಅವರೊಡನೆ ಇದ್ದವರು ಒಬ್ಬ ಸ್ಯಾಕ್ಸೊಫೋನ್ ವಾದಕರು ಮತ್ತು ಡ್ರಮ್ ನುಡಿಸುವ ಸನಿ ಮರ್ರಿ. ಮರ್ರಿಯವರು ಎಣಿಕೆಯನ್ನು ಕೈಬಿಟ್ಟು, ಅಲೆಯ ಮೇಲೆ ಅಲೆ ಬಂದಂತೆ ನುಡಿಸಿದರು.

ಇಲ್ಲಿ ಒಂದು ಸಂಗತಿಯನ್ನು ನೆನೆಯಬೇಕು. ಪಿಯಾನೋದ ಒಳಗೆ ತಂತಿಗಳಿವೆ, ನಿಜ. ಆದರೆ ಅವುಗಳನ್ನು ಯಾರೂ ಮೀಟುವುದಿಲ್ಲ. 88 ಮನೆಗಳಲ್ಲಿ ಒಂದನ್ನು ಒತ್ತಿದರೆ ಉಣ್ಣೆ ಹೊದಿಸಿದ ಚಿಕ್ಕ ಸುತ್ತಿಗೆಯೊಂದು ಏಳುತ್ತದೆ, ತಂತಿಯನ್ನು ಹೊಡೆದು ಬೀಳುತ್ತದೆ. ಅಂದಮೇಲೆ ಪಿಯಾನೋ ಮತ್ತು ಡ್ರಮ್ ಪರಕೀಯರಲ್ಲ, ದಾಯಾದಿಗಳು. ಹೊಸಬರು ಮಾಡಿದ್ದೆಂದರೆ, ಮರೆತುಹೋಗಿದ್ದ ಈ ನಂಟನ್ನು ಮತ್ತೆ ನೆನಪಿಸಿದ್ದು.

ಈ ನಂಟನ್ನು ಬಹುಕಾಲ ಬೆಳೆಸಿದವರಲ್ಲಿ ಸ್ವಿಟ್ಜರ್ಲೆಂಡಿನ ಐರೀನ್ ಶ್ವೈಟ್ಸರ್ ಒಬ್ಬರು. 1941ರಲ್ಲಿ ಶಾಫ್‌ಹೌಸನ್ ಊರಿನಲ್ಲಿ ಹುಟ್ಟಿದ ಈಕೆಯ ಮನೆಯವರದು ಊಟದ ಹೋಟೆಲು. ಅಲ್ಲಿಯ ಸಭಾಂಗಣದಲ್ಲಿ ಮೇಳಗಳು ಅಭ್ಯಾಸಕ್ಕೆ ಬರುತ್ತಿದ್ದವು. ಹುಡುಗಿ ಕೇಳಿ ಕೇಳಿ ಪಿಯಾನೋ ಕಲಿತಳು, ಡ್ರಮ್ಮನ್ನೂ ಕಲಿತಳು. ಎರಡೂ ಕೈಗೆ ಬಂದಿದ್ದುದರಿಂದ ಮುಂದೆ ಈಕೆಯ ಪಿಯಾನೋ ವಾದನಕ್ಕೆ ಡ್ರಮ್ಮಿನ ಗುಣವೂ ಸೇರಿಕೊಂಡಿತು. ನಮ್ಮ ದೇಶದ ಸಂಗೀತವೂ ಈಕೆಗೆ ಹೊರಗಿನದಾಗಿರಲಿಲ್ಲ. 1967ರಲ್ಲಿ ಈಕೆಯ ಮೇಳ ದಿವಾನ್ ಮೋತಿಹಾರರ ಸಿತಾರ್, ಕೇಶವ ಸಾಠೆಯವರ ತಬಲಾ ಮತ್ತು ಕುಸುಮ್ ಠಾಕೂರರ ತಂಬೂರಿಯೊಡನೆ ಕೂಡಿ ಧ್ವನಿಮುದ್ರಿಕೆಯೊಂದನ್ನು ಮಾಡಿತು.

ಆದರೆ ಈಕೆಯ ಕಿವಿಯನ್ನು ತಿದ್ದಿದ ಇನ್ನೊಂದು ನಾದ ದಕ್ಷಿಣ ಆಫ್ರಿಕದಿಂದ ಬಂತು. ಅಲ್ಲಿ 'ಬ್ಲೂ ನೋಟ್ಸ್' ಎಂಬ ಆರು ಜನರ ಮೇಳವಿತ್ತು. ಪಿಯಾನೋ ವಾದಕ ಕ್ರಿಸ್ ಮೆಕ್‌ಗ್ರೆಗರ್ ಬಿಳಿಯರು, ಉಳಿದ ಐವರು ಕರಿಯರು. ವರ್ಣಭೇದದ ಕಾನೂನಿನ ಆ ನಾಡಿನಲ್ಲಿ ಇಂಥವರು ಕೂಡಿ ನುಡಿಸುವುದೇ ಅಪರಾಧದ ಅಂಚಿನ ಮಾತು. 1964ರಲ್ಲಿ ಫ್ರಾನ್ಸಿನ ಆಂಟೀಬ್ ಉತ್ಸವಕ್ಕೆಂದು ಹೊರಟವರು ಯೂರೋಪಿನಲ್ಲೇ ಉಳಿದರು. ಜ್ಯೂರಿಕ್ಕಿನ 'ಆಫ್ರಿಕಾನಾ' ಎಂಬ ಕಾಫಿಗೃಹದಲ್ಲಿ ನುಡಿಸುತ್ತಿದ್ದ ಅವರನ್ನು ಶ್ವೈಟ್ಸರ್ ಕೇಳಿದರು. ಡ್ರಮ್ ನುಡಿಸುತ್ತಿದ್ದವರು ಕೇಪ್‌ಟೌನಿನ ಲೂಯಿ ಮೊಹೋಲೊ. ಆಗ ಇಪ್ಪತ್ತನಾಲ್ಕರ ಪ್ರಾಯ.

ಇಪ್ಪತ್ತೆರಡು ವರ್ಷಗಳ ಮೇಲೆ, 1986ರಲ್ಲಿ, ಅದೇ ಜ್ಯೂರಿಕ್ಕಿನ ಉತ್ಸವವೊಂದರಲ್ಲಿ ಇವರಿಬ್ಬರೇ ಕುಳಿತು ನುಡಿಸಿದ್ದು ಧ್ವನಿಮುದ್ರಿತವಾಗಿ ಉಳಿದಿದೆ. ನಡುವೆ ಬಾಸ್ ಇಲ್ಲ, ಎಣಿಸುವವರಿಲ್ಲ. ಅದರಲ್ಲಿಯ ಒಂದು ಕೃತಿಯ ಹೆಸರು ಮಂಡೇಲಾರನ್ನು ಬಿಡುಗಡೆ ಮಾಡಿರೆಂದು ಕೇಳುತ್ತದೆ. ಆಗ ಅವರಿನ್ನೂ ಸೆರೆಯಲ್ಲಿದ್ದರು, ಹೊರಬಂದದ್ದು 1990ರಲ್ಲಿ. ತಾಳದ ಕಟ್ಟು ಬೇಡವೆಂದ ಸಂಗೀತ ಬರಿಯ ಮನಸ್ವೇಚ್ಛೆಯಲ್ಲ ಎಂಬುದು ಇಲ್ಲಿ ತಿಳಿಯುತ್ತದೆ. ಯಾರ ಪಕ್ಕದಲ್ಲಿ ಕುಳಿತು ನುಡಿಸಬೇಕೆಂಬುದನ್ನೂ ಸರ್ಕಾರ ಗೊತ್ತುಮಾಡಬಯಸಿದ ನಾಡಿನಿಂದ ಬಂದವರಿಗೆ ಸ್ವಾತಂತ್ರ್ಯವೆಂಬುದು ಅಲಂಕಾರದ ಮಾತಾಗಿರಲಿಲ್ಲ.

ಮುಂದೆ ಶ್ವೈಟ್ಸರ್ ಪೂರ್ವ ಜರ್ಮನಿಯ ಗುಂಟರ್ ಸೋಮರ್, ಅಮೆರಿಕದ ಆಂಡ್ರ್ಯೂ ಸಿರಿಲ್, ತಮ್ಮದೇ ದೇಶದ ಪಿಯೆರ್ ಫಾವ್ರ್, ಹಾಲೆಂಡಿನ ಹಾನ್ ಬೆನ್ನಿಂಕ್ ಮೊದಲಾದ ಡ್ರಮ್ ವಾದಕರೊಡನೆ ಒಬ್ಬೊಬ್ಬರಾಗಿ ಇಂಥ ಜೋಡಿ ಮುದ್ರಿಕೆಗಳನ್ನು ಮಾಡಿದರು. ಪಿಯಾನೋ ಒಂದೇ, ನುಡಿಸುವ ಕೈ ಒಂದೇ. ಎದುರಿನವರು ಬದಲಾದಂತೆ ಮಾತು ಬೇರೆ.

ಇದನ್ನು ಕೇಳುವುದು ಹೇಗೆ? ಮೊದಲ ಸಲ ಗದ್ದಲವೆನಿಸಿದರೆ ಅದರಲ್ಲಿ ತಪ್ಪಿಲ್ಲ. ಸಮ ಎಲ್ಲಿ ಬೀಳುವುದೆಂದು ಕಾಯಬಾರದು, ಅದು ಬೀಳುವುದಿಲ್ಲ. ಒಬ್ಬರು ಎಸೆದದ್ದನ್ನು ಇನ್ನೊಬ್ಬರು ಹಿಡಿದರೇ ಬಿಟ್ಟರೇ ಎಂಬುದನ್ನು ಗಮನಿಸಬೇಕು. ಪಿಯಾನೋದ ಮಂದ್ರದಲ್ಲಿ ಒಂದು ಗುಡುಗು ಎದ್ದರೆ ಡ್ರಮ್ ಅದನ್ನು ಹೆಚ್ಚಿಸಬಹುದು, ಇಲ್ಲವೆ ಥಟ್ಟನೆ ಮೌನವಾಗಿ ಅದನ್ನು ಒಂಟಿಯಾಗಿ ಬಿಡಬಹುದು. ತಾಳ ಹೋಗಿಲ್ಲ, ಒಬ್ಬರ ಕೈಯಲ್ಲಿದ್ದದ್ದು ಇಬ್ಬರ ಕಿವಿಗೆ ಬಂದಿದೆ.

ಮೊಹೋಲೊ 2005ರಲ್ಲಿ ತಾಯ್ನಾಡಿಗೆ ಹಿಂದಿರುಗಿದರು. ಅಂದು ಒಟ್ಟಿಗೆ ಹೊರಟಿದ್ದ ಆರು ಮಂದಿಯಲ್ಲಿ ಬದುಕಿ ಉಳಿದಿದ್ದವರು ಅವರೊಬ್ಬರೇ. ಶ್ವೈಟ್ಸರ್ 2024ರಲ್ಲಿ, ಮೊಹೋಲೊ 2025ರಲ್ಲಿ ಕಾಲವಾದರು. ಅವರ ಆ ಸಂಜೆಯ ಮಾತುಕತೆ ಮಾತ್ರ ಮುದ್ರಿಕೆಯಲ್ಲಿದೆ; ಕೇಳುವ ತಾಳ್ಮೆಯಿದ್ದವರಿಗೆ ಇನ್ನೂ ದೊರೆಯುತ್ತದೆ.